ಒಂದು ಎಕರೆ ಹದಿಮೂರು ಗುಂಟೆಯ ಆಟ

ಅಮೆರಿಕನ್ ಫುಟ್‌ಬಾಲ್ ಮೈದಾನದ ಉದ್ದ 360 ಅಡಿ, ಅಗಲ 160 ಅಡಿ. ಗುಂಟೆಗೆ 1,089 ಚದರ ಅಡಿಯಂತೆ ಲೆಕ್ಕ ಹಾಕಿದರೆ ಒಂದು ಎಕರೆ ಹದಿಮೂರು ಗುಂಟೆಗೆ ತುಸುವೇ ಕಡಿಮೆ. ಗದಗ-ಬೆಟಗೇರಿ ಸುತ್ತಮುತ್ತ ಹೊಲ ಇದ್ದವರಿಗೆ ಇಷ್ಟು ಹೇಳಿದರೆ ಕಣ್ಣಳತೆ ಸಿಕ್ಕೇ ಸಿಗುತ್ತದೆ. ಗಂಡಸರ ಕಬಡ್ಡಿ ಅಂಕಣ 13 ಮೀಟರ್‌ಗೆ 10 ಮೀಟರ್, ಒಂದೂಕಾಲು ಗುಂಟೆಯ ಆಸುಪಾಸು. ಅಂಥ ನಲವತ್ತು ಅಂಕಣಗಳಷ್ಟು ನೆಲ ಈ ಒಂದು ಮೈದಾನದಲ್ಲಿದೆ.

ಗಾತ್ರದಲ್ಲಿ ಇಷ್ಟು ಅಂತರವಿದ್ದರೂ ಎರಡು ಆಟಗಳು ದೂರದ ದಾಯಾದಿಗಳೇ. ಎರಡರಲ್ಲೂ ಎದುರಾಳಿಯ ನೆಲಕ್ಕೆ ನುಗ್ಗಬೇಕು, ನುಗ್ಗಿದವನನ್ನು ಹಿಡಿದು ಕೆಡವಬೇಕು. ವ್ಯತ್ಯಾಸ ಕಾಣುವುದು ಮೈಮೇಲೆ. ಮುಂಡರಗಿಯ ಹುಡುಗ ಚಡ್ಡಿ, ಬನಿಯನ್, ಬಹಳವೆಂದರೆ ಮೊಣಕಾಲಿಗೊಂದು ಪಟ್ಟಿ ಹಾಕಿಕೊಂಡು ಕಬಡ್ಡಿಗೆ ಇಳಿಯುತ್ತಾನೆ. ಲಕ್ಷ್ಮೇಶ್ವರ, ಶಿರಹಟ್ಟಿ ಕಡೆ ಜಾತ್ರೆಯ ಕುಸ್ತಿ ಕಣದಲ್ಲಿ ಪೈಲ್ವಾನನಿಗೆ ಅದೂ ಇಲ್ಲ. ಅಮೆರಿಕದ ಆಟಗಾರನಿಗೋ ನೆತ್ತಿಯಿಂದ ಮೊಣಕಾಲಿನವರೆಗೆ ಕವಚ. ಆ ಕವಚ ಹೇಗೆ ಬಂತು, ಬಂದ ಮೇಲೆ ಆಟವನ್ನೇ ಹೇಗೆ ಬದಲಿಸಿತು ಎಂಬುದು ಈ ಅಧ್ಯಾಯದ ವಿಷಯ. ಮೊದಲು ಆಟ ತಿಳಿಯಬೇಕು.

ಮೈದಾನದ ಎರಡೂ ತುದಿಯಲ್ಲಿ ಹತ್ತು ಗಜದ ಒಂದೊಂದು ಪಟ್ಟಿ ಇರುತ್ತದೆ. ಅದಕ್ಕೆ ಎಂಡ್ ಝೋನ್ ಎನ್ನುತ್ತಾರೆ. ನಡುವೆ ಉಳಿಯುವುದು 100 ಗಜ. ಒಂದೊಂದು ತಂಡದಿಂದ ಹನ್ನೊಂದು ಮಂದಿ ಕಣದಲ್ಲಿರುತ್ತಾರೆ. ಚೆಂಡು ಕೈಯಲ್ಲಿರುವ ತಂಡಕ್ಕೆ ನಾಲ್ಕು ಸರದಿ. ಒಂದೊಂದು ಸರದಿಗೂ ಡೌನ್ ಎಂದು ಹೆಸರು. ಈ ನಾಲ್ಕರಲ್ಲಿ ಹತ್ತು ಗಜ ಮುಂದೆ ಹೋದರೆ ಮತ್ತೆ ಹೊಸದಾಗಿ ನಾಲ್ಕು ಸರದಿ ಸಿಗುತ್ತವೆ. ಹೋಗದಿದ್ದರೆ ಚೆಂಡು ಎದುರಾಳಿಯ ಪಾಲು. ಮೊದಲ ಸರದಿಯಲ್ಲಿ ಮೂರು ಗಜ ಹೋದರು, ಎರಡನೆಯದರಲ್ಲಿ ಎಸೆದ ಚೆಂಡು ಯಾರ ಕೈಗೂ ಸಿಗದೆ ನೆಲಕ್ಕೆ ಬಿತ್ತು ಎಂದುಕೊಳ್ಳಿ. ಆಗ ‘ಮೂರನೇ ಸರದಿ, ಏಳು ಗಜ ಬಾಕಿ’. ಟಿವಿಯ ಮೂಲೆಯಲ್ಲಿ ಕಾಣುವ ಅಂಕಿಗಳ ಅರ್ಥ ಇಷ್ಟೇ. ಮೂರನೆಯದೂ ಕೈಕೊಟ್ಟರೆ ಸಾಮಾನ್ಯವಾಗಿ ನಾಲ್ಕನೆಯದರಲ್ಲಿ ಚೆಂಡನ್ನು ದೂರ ಒದ್ದು, ಎದುರಾಳಿ ತಮ್ಮ ಎಂಡ್ ಝೋನಿನಿಂದ ಆದಷ್ಟು ದೂರದಲ್ಲಿ ಆಟ ಶುರು ಮಾಡುವಂತೆ ನೋಡಿಕೊಳ್ಳುತ್ತಾರೆ.

ಒಂದು ಸರದಿಯನ್ನು ಹತ್ತಿರದಿಂದ ನೋಡೋಣ. ಎರಡೂ ಕಡೆಯ ದೊಡ್ಡ ಆಳುಗಳು ಚೆಂಡಿನ ಗೆರೆಯ ಆಚೀಚೆ ಬಾಗಿ, ಬೆರಳು ನೆಲಕ್ಕೂರಿ ಕೂತಿರುತ್ತಾರೆ. ನಡುವಿನವನ ಹೆಸರು ಸೆಂಟರ್. ಅವನು ಚೆಂಡನ್ನು ಕಾಲ ಸಂದಿಯಿಂದ ಹಿಂದೆ ಕೊಡುತ್ತಾನೆ. ಪಡೆಯುವವನು ಕ್ವಾರ್ಟರ್‌ಬ್ಯಾಕ್, ತಂಡದ ಮಿದುಳು. ಅವನಿಗೆ ಮೂರು ದಾರಿ: ಹಿಂದಿರುವ ಓಟಗಾರನ ಹೊಟ್ಟೆಗೆ ಚೆಂಡು ಒತ್ತಿಬಿಡುವುದು, ಮುಂದೆ ಓಡಿಹೋದವನಿಗೆ ಎಸೆಯುವುದು, ಇಲ್ಲವೇ ತಾನೇ ಓಡುವುದು. ಮುಂದಕ್ಕೆ ಎಸೆಯಲು ಒಂದು ಸರದಿಗೆ ಒಂದೇ ಅವಕಾಶ, ಅದೂ ಗೆರೆಯ ಹಿಂದಿನಿಂದ ಮಾತ್ರ. ಅಷ್ಟರಲ್ಲಿ ಗೆರೆಯ ಮೇಲಿನ ಐವರು ತಮ್ಮ ಎದೆ-ತೋಳುಗಳನ್ನೇ ಗೋಡೆ ಮಾಡಿ ನುಗ್ಗುವವರನ್ನು ತಡೆಯುತ್ತಾರೆ. ಚೆಂಡು ಹಿಡಿದು ಓಡದೆ, ಅಂಕ ಗಳಿಸದೆ, ಇಡೀ ಪಂದ್ಯ ತಳ್ಳುತ್ತಲೇ ಇರುವ ಈ ಐವರ ಕೆಲಸ ನನ್ನ ಕಣ್ಣಿಗೆ ಆಟದ ಅತಿ ಕಷ್ಟದ ಕೆಲಸ. ಇದೆಲ್ಲ ಮುಗಿಯಲು ನಾಲ್ಕೈದು ಸೆಕೆಂಡು. ಕಬಡ್ಡಿಯ ರೈಡಿಗೆ ಮೂವತ್ತು ಸೆಕೆಂಡು ಸಿಗುತ್ತದೆ, ನೆನಪಿರಲಿ. ವೃತ್ತಿಪರ ಪಂದ್ಯದ ಗಡಿಯಾರ ಹದಿನೈದು ನಿಮಿಷದ ನಾಲ್ಕು ಪಾಲು ತೋರಿಸುತ್ತದೆ, ಜನ ಕೂರುವುದು ಮೂರು ತಾಸು, ಚೆಂಡು ನಿಜವಾಗಿ ಆಟದಲ್ಲಿರುವುದು ಸುಮಾರು ಹನ್ನೊಂದು ನಿಮಿಷ!

ಅಂಕಗಳ ಲೆಕ್ಕ ಸುಲಭ. ಚೆಂಡಿನೊಂದಿಗೆ ಎಂಡ್ ಝೋನ್ ಮುಟ್ಟಿದರೆ ಟಚ್‌ಡೌನ್, ಆರು ಅಂಕ. ಅದರ ಬೆನ್ನಿಗೆ ಒದ್ದು ಕಂಬಗಳ ನಡುವೆ ತೂರಿಸಿದರೆ ಇನ್ನೊಂದು. ಒದೆಯದೆ ಮತ್ತೆ ನುಗ್ಗಿ ಗೆದ್ದರೆ ಎರಡು. ಸರದಿಯ ನಡುವೆ ಒದ್ದು ಕಂಬಗಳ ನಡುವೆ ಕಳಿಸುವುದು ಫೀಲ್ಡ್ ಗೋಲ್, ಮೂರು ಅಂಕ. ಚೆಂಡು ಹಿಡಿದವನನ್ನು ಅವನದೇ ಎಂಡ್ ಝೋನಿನಲ್ಲಿ ಕೆಡವಿದರೆ ಕೆಡವಿದವರಿಗೆ ಎರಡು.

ಈ ಆಟದ ಮೊದಲ ಕಾಲೇಜು ಪಂದ್ಯವೆಂದು ಲೆಕ್ಕಕ್ಕೆ ಹಿಡಿಯುವುದು 1869ರ ನವೆಂಬರ್ 6ರಂದು ರಟ್‌ಗರ್ಸ್ ಮತ್ತು ಪ್ರಿನ್ಸ್‌ಟನ್ ನಡುವೆ ನಡೆದದ್ದನ್ನು. ಅಂದು ಚೆಂಡು ಕೈಯಲ್ಲಿ ಹಿಡಿದು ಓಡುವಂತಿರಲಿಲ್ಲ. ಇಂದಿನ ಆಟಕ್ಕೆ ಅಡಿಪಾಯ ಹಾಕಿದವನು ವಾಲ್ಟರ್ ಕ್ಯಾಂಪ್. ಗೆರೆಯ ಆಚೀಚೆ ನಿಲ್ಲುವ ಪದ್ಧತಿ 1880ರಲ್ಲಿ, ಸರದಿಗಳ ನಿಯಮ 1882ರಲ್ಲಿ ಅವನಿಂದ ಬಂದವು. ಆಗ ರಕ್ಷಣೆ ಎಂದರೆ ದಪ್ಪ ಬಟ್ಟೆ, ಉದ್ದ ಕೂದಲು. ಆಟಗಾರರು ಒಬ್ಬರಿಗೊಬ್ಬರು ಕೈ ಹೆಣೆದು ಬಾಣದ ಮೊನೆಯ ಆಕಾರದಲ್ಲಿ ನುಗ್ಗುವ ತಂತ್ರವನ್ನು 1894ರಲ್ಲೇ ನಿಷೇಧಿಸಿದರೂ ಸಾವು ನಿಲ್ಲಲಿಲ್ಲ. 1905ರ ಒಂದೇ ಹಂಗಾಮಿನಲ್ಲಿ ಹದಿನೆಂಟು-ಹತ್ತೊಂಬತ್ತು ಮಂದಿ ಸತ್ತರೆಂದು ಪತ್ರಿಕೆಗಳು ಎಣಿಸಿದವು. ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಆ ಅಕ್ಟೋಬರಿನಲ್ಲೇ ಕಾಲೇಜುಗಳ ಪ್ರತಿನಿಧಿಗಳನ್ನು ಶ್ವೇತಭವನಕ್ಕೆ ಕರೆಸಿ ಆಟ ಸುಧಾರಿಸಿ ಎಂದರು. 1906ರಲ್ಲಿ ಚೆಂಡನ್ನು ಮುಂದಕ್ಕೆ ಎಸೆಯಲು ಅನುಮತಿ ಸಿಕ್ಕಿತು, ಐದು ಗಜದ ಗುರಿ ಹತ್ತಕ್ಕೆ ಏರಿತು. ಒಂದೆಡೆ ಮುದ್ದೆಯಾಗಿ ಗುದ್ದಾಡುತ್ತಿದ್ದವರು ಮೈದಾನದ ತುಂಬ ಹರಡಿಕೊಂಡರು. ಜೀವ ಉಳಿಸಲು ಮೊದಲು ಬದಲಾದದ್ದು ನಿಯಮ. ಕವಚಕ್ಕೆ ಆ ಮಹತ್ವ ಬಂದದ್ದು ಆಮೇಲೆ.

ಹೆಲ್ಮೆಟ್ಟಿನ ಹುಟ್ಟಿನ ಕತೆ ಸ್ವಾರಸ್ಯವಾಗಿದೆ. 1893ರಲ್ಲಿ ಜೋಸೆಫ್ ಮೇಸನ್ ರೀವ್ಸ್ ಎಂಬ ನೌಕಾ ಕೆಡೆಟ್‌ಗೆ ವೈದ್ಯರು, ತಲೆಗೆ ಇನ್ನೊಂದು ಒದೆ ಬಿದ್ದರೆ ಬುದ್ಧಿಭ್ರಮಣೆ ಅಥವಾ ಸಾವು ಎಂದು ಎಚ್ಚರಿಸಿದ್ದರು. ಆತ ಆಟ ಬಿಡಲಿಲ್ಲ. ಅನಾಪೊಲಿಸ್ ಊರಿನ ಬೂಟು ಹೊಲಿಯುವವರಿಂದ ತಲೆಗೊಂದು ಟೊಪ್ಪಿಗೆ ಮಾಡಿಸಿಕೊಂಡು ಸೇನೆಯ ತಂಡದ ವಿರುದ್ಧ ಕಣಕ್ಕಿಳಿದ. ಮುಂದೆ ಆತ ಅಮೆರಿಕದ ನೌಕಾಪಡೆಯ ಅಡ್ಮಿರಲ್ ಆದ. ಕಾಲೇಜು ಆಟದಲ್ಲಿ ಹೆಲ್ಮೆಟ್ ಕಡ್ಡಾಯವಾದದ್ದು 1939ರಲ್ಲಿ, ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನಲ್ಲಿ 1943ರಲ್ಲಿ. ಚರ್ಮ ಹೋಗಿ ಗಟ್ಟಿ ಪ್ಲಾಸ್ಟಿಕ್ ಬಂತು, 1950ರ ದಶಕದಲ್ಲಿ ಮುಖದ ಮುಂದೆ ಸರಳು ಬಂತು.

ಅಲ್ಲಿಗೆ ಎಲ್ಲ ಸರಿಹೋಗಬೇಕಿತ್ತು. ಆದದ್ದು ತಿರುಗುಮುರುಗು. ಹಲ್ಲು ಮೂಗು ಒಡೆಯುವ ಭಯ ಹೋದ ಮೇಲೆ ಆಟಗಾರರು ತಲೆಯನ್ನೇ ಮುಂದೆ ಮಾಡಿ ಟಗರಿನಂತೆ ಗುದ್ದಲು ಕಲಿತರು. ತರಬೇತುದಾರರೂ ಹಾಗೆಯೇ ಕಲಿಸಿದರು. 1968ರಲ್ಲಿ ಆಟದ ಪೆಟ್ಟಿನಿಂದಲೇ 36 ಮಂದಿ ಸತ್ತರು. ಮರುವರ್ಷ ಕ್ರೀಡಾ ಸಾಮಗ್ರಿಗಳ ಸುರಕ್ಷತಾ ಮಾನದಂಡ ಗೊತ್ತುಪಡಿಸಲು ನಾಕ್ಸೀ ಎಂಬ ಸಂಸ್ಥೆ ಹುಟ್ಟಿತು. 1976ರಲ್ಲಿ ಶಾಲೆ-ಕಾಲೇಜುಗಳ ಆಟದಲ್ಲಿ ತಲೆಯಿಂದ ಗುದ್ದುವುದನ್ನು ನಿಷೇಧಿಸಿದರು. 1990ರ ಹೊತ್ತಿಗೆ ಅಂಥ ಸಾವಿನ ಸಂಖ್ಯೆ ಸೊನ್ನೆ ಮುಟ್ಟಿದ ವರ್ಷವನ್ನೂ ಕಂಡರು. ಕಬಡ್ಡಿಯವನು ತೊಡೆ ಹಿಡಿಯುವಾಗ ತಲೆಯನ್ನು ತಾನಾಗಿಯೇ ಪಕ್ಕಕ್ಕೆ ಸರಿಸುತ್ತಾನೆ. ತಲೆಯ ಮೇಲೆ ಏನೂ ಇಲ್ಲ ಎಂಬುದು ಅವನ ಮೈಗೆ ಗೊತ್ತು. ಹೆಲ್ಮೆಟ್ ಆ ಅರಿವನ್ನೇ ಕಸಿಯಿತು. 2014ರಲ್ಲಿ ಸಿಯಾಟಲ್ ಸೀಹಾಕ್ಸ್ ತಂಡದ ತರಬೇತುದಾರ ಪೀಟ್ ಕ್ಯಾರಲ್, ಹೆಲ್ಮೆಟ್ಟೇ ಇಲ್ಲದ ರಗ್ಬಿ ಆಟದಿಂದ ಹಿಡಿತ ಎರವಲು ಪಡೆದು, ತಲೆ ಹೊರಗಿಟ್ಟು ಭುಜದಿಂದ ತೊಡೆಗೆ ಹೊಡೆದು ಕೆಡವುವುದನ್ನು ವಿಡಿಯೊ ಮಾಡಿಸಿ ಹಂಚಿದರು. ನಮ್ಮ ಕಬಡ್ಡಿಯ ಕಾರ್ನರ್ ಆಟಗಾರರು ನೋಡಿದರೆ ‘ಇದರಾಗೇನೈತಿ ಹೊಸಾದು’ ಅಂದಾರು.

ಹೆಲ್ಮೆಟ್ ಏನು ಮಾಡಲಾರದು ಎಂಬುದನ್ನು ಇಲ್ಲೇ ಹೇಳಬೇಕು. ಅದು ತಲೆಬುರುಡೆ ಒಡೆಯದಂತೆ ಕಾಯುತ್ತದೆ. ಮಿದುಳು ಅಲುಗದಂತೆ ಕಾಯಲಾರದು. ಒಣಗಿದ ತೆಂಗಿನಕಾಯಿ ಅಲ್ಲಾಡಿಸಿದರೆ ಚಿಪ್ಪು ಗಟ್ಟಿಯಿದ್ದರೂ ಒಳಗಿನ ಗಿಟುಕು ಗುಡುಗುಡು ಎನ್ನುತ್ತದಲ್ಲ, ತಲೆ ಥಟ್ಟನೆ ನಿಂತಾಗ, ತಿರುಗಿದಾಗ ಆಗುವುದೂ ಅದೇ. 2002ರಲ್ಲಿ ತೀರಿಕೊಂಡ ಮೈಕ್ ವೆಬ್‌ಸ್ಟರ್ ಎಂಬ ಹೆಸರಾಂತ ಸೆಂಟರ್‌ನ ಮಿದುಳನ್ನು ಪರೀಕ್ಷಿಸಿದ ನೈಜೀರಿಯಾ ಮೂಲದ ವೈದ್ಯ ಬೆನೆಟ್ ಒಮಾಲು, ವರ್ಷಾನುಗಟ್ಟಲೆ ಬಿದ್ದ ಪೆಟ್ಟಿನಿಂದ ಬರುವ ಸಿಟಿಇ ಎಂಬ ಕಾಯಿಲೆಯನ್ನು ಗುರುತಿಸಿ 2005ರಲ್ಲಿ ಪ್ರಕಟಿಸಿದರು. ತಲೆಗೆ ಪೆಟ್ಟು ಬಿದ್ದ ಬಾಲಕನನ್ನು ಆ ದಿನ ಮತ್ತೆ ಆಡಿಸಬಾರದು, ವೈದ್ಯಕೀಯ ಒಪ್ಪಿಗೆ ಇಲ್ಲದೆ ಮರಳಿ ಕಣಕ್ಕಿಳಿಸಬಾರದು ಎಂಬ ಕಾನೂನು 2009ರಲ್ಲಿ ವಾಷಿಂಗ್ಟನ್ ರಾಜ್ಯದಲ್ಲಿ ಮೊದಲು ಬಂತು. ರೆಡ್‌ಮಂಡ್, ಬೆಲ್‌ವ್ಯೂ ಕಡೆ ನೆಲೆಸಿದ ಕನ್ನಡದ ತಂದೆತಾಯಂದಿರು ಮಗ ಶಾಲೆಯ ತಂಡ ಸೇರುವಾಗ ಸಹಿ ಹಾಕುವ ಹಾಳೆಯ ಹಿಂದೆ ಇರುವುದು ಇದೇ ಕಾನೂನು.

ಕವಚದ ಭಾಗಗಳಿಗೆ ಬರೋಣ. ಹೆಲ್ಮೆಟ್ ಹುಬ್ಬಿನಿಂದ ಎರಡು ಬೆರಳು ಮೇಲೆ ಕೂರಬೇಕು. ಹಿಡಿದು ತಿರುಗಿಸಿದರೆ ಹಣೆಯ ಚರ್ಮವೂ ಜೊತೆಗೆ ಸರಿಯಬೇಕು. ಬರೀ ಹೆಲ್ಮೆಟ್ ತಿರುಗಿದರೆ ಅದು ಸಡಿಲ. ಗದ್ದದ ಪಟ್ಟಿಗೆ ನಾಲ್ಕು ಗುಂಡಿ, ನಾಲ್ಕೂ ಹಾಕಬೇಕು. ಬೈಕಿನ ಹೆಲ್ಮೆಟ್ ಇದ್ದರೆ ನಡೆದೀತೇ ಎಂದು ಕೇಳುವವರಿದ್ದಾರೆ. ನಡೆಯದು. ಬೈಕ್ ಹೆಲ್ಮೆಟ್ಟಿನ ಒಳಗಿನ ಥರ್ಮಾಕೋಲಿನಂಥ ಪದರ ಒಂದು ದೊಡ್ಡ ಪೆಟ್ಟಿಗೆ ತಾನು ನಜ್ಜಾಗಿ ಸವಾರನನ್ನು ಉಳಿಸುತ್ತದೆ, ಆಮೇಲೆ ಅದನ್ನು ಎಸೆಯಬೇಕು. ಆಟದ ಹೆಲ್ಮೆಟ್ಟಿನ ಮೆತ್ತೆ ಒತ್ತಿ ಮತ್ತೆ ಉಬ್ಬುತ್ತದೆ, ದಿನಕ್ಕೆ ಹತ್ತಾರು ಪೆಟ್ಟು ತಡೆಯಲೆಂದೇ ಮಾಡಿದ್ದು.

ಭುಜದ ಪ್ಯಾಡಿನ ಹೊರಗೆ ಗಟ್ಟಿ ಪ್ಲಾಸ್ಟಿಕ್ ಕಮಾನು, ಒಳಗೆ ಮೆತ್ತೆ. ಪೆಟ್ಟು ಒಂದೇ ಕಡೆ ಇಳಿಯದೆ ಎದೆ ಬೆನ್ನಿಗೆಲ್ಲ ಹರಡುವಂತೆ ಅದರ ರಚನೆ. ಕಂಕುಳ ಕೆಳಗಿನ ಪಟ್ಟಿ ಸಡಿಲವಾದರೆ ಇಡೀ ಪ್ಯಾಡ್ ಕತ್ತಿಗೆ ಏರುತ್ತದೆ. ಸೊಂಟ, ತೊಡೆ, ಮೊಣಕಾಲಿನ ಮೆತ್ತೆಗಳು ಪ್ಯಾಂಟಿನೊಳಗಿನ ಜೇಬುಗಳಲ್ಲಿ ಕೂರುತ್ತವೆ. ತೊಡೆ, ಮೊಣಕಾಲಿನವನ್ನು ಎನ್‌ಎಫ್‌ಎಲ್ ಕಡ್ಡಾಯ ಮಾಡಿದ್ದು 2013ರಲ್ಲಿ. ಅದಕ್ಕೂ ಮೊದಲು ಎಷ್ಟೋ ಮಂದಿ ಓಟ ನಿಧಾನವಾದೀತೆಂದು ಕಿತ್ತೆಸೆಯುತ್ತಿದ್ದರು. ಮರ್ಮಾಂಗದ ಗಾರ್ಡ್ ಕ್ರಿಕೆಟ್ ಆಡುವವರಿಗೆ ಗೊತ್ತೇ ಇದೆ. ಅಗ್ಗದ್ದು, ಆದರೆ ಬಹಳ ಉಪಯೋಗದ್ದು ಹಲ್ಲಿನ ಗಾರ್ಡ್. ಬಿಸಿನೀರಿನಲ್ಲಿ ಮೆತ್ತಗೆ ಮಾಡಿ, ಬಾಯಲ್ಲಿಟ್ಟು ಕಚ್ಚಿ ಹಿಡಿದರೆ ನಿಮ್ಮ ಹಲ್ಲಿನ ಅಚ್ಚೇ ಅದರಲ್ಲಿ ಮೂಡುತ್ತದೆ. ಇದನ್ನು ಕಬಡ್ಡಿಗೂ ಹಾಕಿಕೊಳ್ಳಬಹುದು. ಹಲ್ಲು ಮುರಿದುಕೊಂಡವರನ್ನು ಕೇಳಿ.

ಈ ಕವಚವನ್ನು ಹಾಗೇ ತಂದು ಗದಗಿನ ಏಪ್ರಿಲ್ ಬಿಸಿಲಿನಲ್ಲಿ ಯಾರಿಗಾದರೂ ತೊಡಿಸುವುದು ಅಪಾಯ. ಬೆವರು ಆರಲು ಚರ್ಮಕ್ಕೆ ಗಾಳಿ ಬೇಕು, ಪ್ಯಾಡ್ ಅದನ್ನೇ ತಡೆಯುತ್ತದೆ. ಮಿನೆಸೋಟ ವೈಕಿಂಗ್ಸ್ ತಂಡದ ಕೋರಿ ಸ್ಟ್ರಿಂಜರ್ 27ನೇ ವಯಸ್ಸಿನಲ್ಲಿ, 2001ರ ಆಗಸ್ಟ್ 1ರಂದು ಸತ್ತದ್ದು ಪೆಟ್ಟಿನಿಂದಲ್ಲ, ಅಭ್ಯಾಸದ ವೇಳೆಯ ಬಿಸಿಲಿನ ಹೊಡೆತದಿಂದ. ಆಸ್ಪತ್ರೆಗೆ ಸೇರಿಸಿದಾಗ ಮೈಯ ಉಷ್ಣತೆ 108 ಡಿಗ್ರಿ ಫ್ಯಾರನ್‌ಹೀಟ್ ದಾಟಿತ್ತು. 2003ರಲ್ಲಿ ಅಲ್ಲಿನ ಕಾಲೇಜುಗಳಿಗೆ ಬಂದ ನಿಯಮದಂತೆ ಅಭ್ಯಾಸದ ಮೊದಲ ಎರಡು ದಿನ ಹೆಲ್ಮೆಟ್ ಮಾತ್ರ, ಮುಂದಿನ ಎರಡು ದಿನ ಹೆಲ್ಮೆಟ್ ಮತ್ತು ಭುಜದ ಪ್ಯಾಡ್, ಐದನೇ ದಿನದಿಂದ ಪೂರ್ತಿ ಕವಚ ಎಂದಿತ್ತು. ಯಾರಾದರೂ ತೊದಲಿದರೆ, ತೂರಾಡಿದರೆ ಕವಚ ಕಳಚಿ ಮೊದಲು ಐಸ್ ನೀರಿನ ತೊಟ್ಟಿಯಲ್ಲಿ ಮುಳುಗಿಸಬೇಕು, ಆಂಬುಲೆನ್ಸ್‌ಗೆ ಹತ್ತಿಸುವುದು ಆಮೇಲೆ. ಈ ಕ್ರಮ ಬೇಸಿಗೆಯಲ್ಲಿ ಓಡುವ ನಮ್ಮ ಪೊಲೀಸ್ ನೇಮಕಾತಿಯ ಹುಡುಗರಿಗೂ ತಿಳಿದಿರಬೇಕು. ನೆಲದ ವಿಷಯವೂ ಇದೆ. ಬೇಸಿಗೆಯ ಎರಿ ಹೊಲ ಬಿರುಕು ಬಿಟ್ಟು ಪಾದ ಸಿಕ್ಕಿಸುತ್ತದೆ, ಮಳೆ ಬಿದ್ದರೆ ಬೂಟಿನ ಮುಳ್ಳುಗಳ ನಡುವೆ ಮಣ್ಣು ಮೆತ್ತಿ ಎರಡು ಸೇರು ಭಾರ. ಆಡಲೇಬೇಕೆಂದರೆ ಮಸಾರಿ ನೆಲವೇ ಮೇಲು.

ಕರ್ನಾಟಕದ ಹೆಸರಿನ ತಂಡವೊಂದು ಈ ಆಟವನ್ನು ಒಮ್ಮೆ ಪೂರ್ತಿ ಕವಚದೊಂದಿಗೇ ಆಡಿತ್ತು. ಎಲೀಟ್ ಫುಟ್‌ಬಾಲ್ ಲೀಗ್ ಆಫ್ ಇಂಡಿಯಾ 2011ರಲ್ಲಿ ಘೋಷಣೆಯಾಯಿತು. ಅದರ ಎಂಟು ತಂಡಗಳಲ್ಲಿ ಬೆಂಗಳೂರು ವಾರ್‌ಹಾಕ್ಸ್ ಒಂದು. ಮೊದಲ ಹಂಗಾಮು 2012ರಲ್ಲಿ ಶ್ರೀಲಂಕಾದಲ್ಲಿ ನಡೆದು ಪುಣೆ ಮರಾಠಾಸ್ ಗೆದ್ದಿತು. ಆಟಗಾರರಲ್ಲಿ ಹೆಚ್ಚಿನವರು ಬೇರೆ ಆಟಗಳಿಂದ ಬಂದು ಇದನ್ನು ಹೊಸದಾಗಿ ಕಲಿತವರು. ಲೀಗ್ ಬೇರು ಬಿಡಲಿಲ್ಲ. ಒಬ್ಬೊಬ್ಬ ಆಟಗಾರನಿಗೂ ಅಷ್ಟು ಸಾಮಾನು ಬೇಡುವ ಆಟ ಶಾಲೆಯ ಅಂಗಳಕ್ಕೆ ಇಳಿಯುವುದು ಕಷ್ಟವೇ.

ಕವಚವೇ ಬೇಡದ ಇನ್ನೊಂದು ರೂಪವಿದೆ, ಫ್ಲ್ಯಾಗ್ ಫುಟ್‌ಬಾಲ್. 2023ರ ಅಕ್ಟೋಬರ್ 16ರಂದು ಮುಂಬೈಯಲ್ಲಿ ಸೇರಿದ್ದ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2028ರ ಲಾಸ್ ಏಂಜಲಿಸ್ ಒಲಿಂಪಿಕ್ಸಿಗೆ ಕ್ರಿಕೆಟ್ ಸೇರಿಸಿತು. ಪತ್ರಿಕೆಗಳಲ್ಲಿ ನಾವೆಲ್ಲ ಓದಿದ್ದು ಅದನ್ನೇ. ಅದೇ ಸಭೆಯಲ್ಲಿ ಇದೂ ಸೇರಿತು. ಒಂದೊಂದು ಕಡೆಗೆ ಐವರು. ಎಂಡ್ ಝೋನ್ ಸೇರಿ 70 ಗಜ ಉದ್ದ, 25 ಗಜ ಅಗಲ, ಹದಿನಾಲ್ಕೂವರೆ ಗುಂಟೆಯ ಒಳಗೇ ಮುಗಿಯುವ ಮೈದಾನ. ಇಪ್ಪತ್ತು ನಿಮಿಷದ ಎರಡು ಪಾಲು. ನಾಲ್ಕು ಸರದಿಯಲ್ಲಿ ನಡುಗೆರೆ ದಾಟಬೇಕು, ದಾಟಿದರೆ ಟಚ್‌ಡೌನ್‌ಗೆ ಇನ್ನು ನಾಲ್ಕು. ಕೆಡವುವಂತಿಲ್ಲ, ತಳ್ಳುವಂತಿಲ್ಲ. ಸೊಂಟದ ಬೆಲ್ಟಿನಿಂದ ಪಕ್ಕಕ್ಕೆ ಇಳಿಬಿದ್ದಿರುವ ಪಟ್ಟಿಯನ್ನು ಎಳೆದು ಕಿತ್ತರೆ ಚೆಂಡು ಹಿಡಿದವನು ಅಲ್ಲಿಗೇ ನಿಂತ ಹಾಗೆ. ಬೆಲ್ಟು, ಒಂದು ಚೆಂಡು, ಹಲ್ಲಿಗೊಂದು ಗಾರ್ಡ್ ಇದ್ದರೆ ಆಟ ಶುರು.

ಕಬಡ್ಡಿ ಆಡಿ ಬೆಳೆದವರಿಗೆ ಇಲ್ಲಿ ಒಂದು ಲಾಭ, ಒಂದು ತೊಂದರೆ. ಗುರಾಯಿಸಿ ಸೊಂಟ ತಪ್ಪಿಸುವ ರೈಡರ್‌ನ ಪಟ್ಟಿ ಕೀಳುವುದು ಎದುರಾಳಿಗೆ ಸುಲಭವಲ್ಲ. ಆದರೆ ಕೈ ಅಡ್ಡ ಹಿಡಿದು ತನ್ನ ಪಟ್ಟಿ ಕಾಯ್ದುಕೊಂಡರೆ ಅದು ತಪ್ಪು, ದಂಡವಾಗಿ ಗಜ ಕಳೆಯುತ್ತಾರೆ. ಹಿಡಿಯುವವನು ಅಭ್ಯಾಸಬಲದಿಂದ ಸೊಂಟಕ್ಕೆ ಕೈ ಹಾಕಿ ಅಪ್ಪಿಕೊಂಡರೂ ದಂಡ. ಹಾಗಾಗಿ ಕಬಡ್ಡಿ ಹುಡುಗರಿಗೆ ಇದನ್ನು ಕಲಿಸುವವರು ಮೊದಲ ವಾರ ಚೆಂಡನ್ನು ಬದಿಗಿಟ್ಟು, ಎರಡು ಬೆರಳಲ್ಲಿ ಪಟ್ಟಿ ಕೀಳುವುದನ್ನಷ್ಟೇ ಆಡಿಸುವುದು ಒಳ್ಳೆಯದು.