ಜವಳಿ ತ್ಯಾಜ್ಯದ ವರ್ಗೀಕರಣವೂ ಹಡಗು ಸಾಗಣೆಯೂ

ಗಿರಣಿಗಳಲ್ಲಿ ಉಳಿಯುವ ಎಳೆ, ತುಂಡುನೂಲು, ಚಿಂದಿ ಮೊದಲಾದವು ನಿರುಪಯುಕ್ತ ವಸ್ತುಗಳಲ್ಲ. ಮರಳಿ ನೂಲುವುದಕ್ಕೂ ಯಂತ್ರಗಳನ್ನು ಒರೆಸುವುದಕ್ಕೂ ಹಾಸಿಗೆ ತುಂಬುವುದಕ್ಕೂ ಅವು ದೇಶದಿಂದ ದೇಶಕ್ಕೆ ಸಾಗುತ್ತವೆ. ಈ ಸರಕಿಗೆ ಎರಡು ಬಗೆಯ ವರ್ಗೀಕರಣಗಳುಂಟು. ಅವುಗಳ ಭೇದವನ್ನು ಅರಿಯದಿದ್ದರೆ ಹಡಗಿಗೇ ವಿಪತ್ತು ಒದಗಬಹುದು.

ಮೊದಲನೆಯದು ಸುಂಕದ ವರ್ಗೀಕರಣ. 1988ರಿಂದ ಜಾರಿಯಲ್ಲಿರುವ ಅಂತರರಾಷ್ಟ್ರೀಯ ಪದ್ಧತಿಯಲ್ಲಿ ಹತ್ತಿಯ ತ್ಯಾಜ್ಯಕ್ಕೆ 5202, ರೇಷ್ಮೆಯ ತ್ಯಾಜ್ಯಕ್ಕೆ 5003, ಚಿಂದಿಬಟ್ಟೆಗೆ 6310 ಎಂಬ ಸಂಖ್ಯೆಗಳಿವೆ. ಇಲ್ಲಿ ಮುಖ್ಯವಾಗಿ ನೋಡುವುದು ಸರಕು ಯಾವ ಬಗೆಯದೆಂಬುದನ್ನು. ಎರಡನೆಯದು ಅಪಾಯದ ವರ್ಗೀಕರಣ. ವಿಶ್ವಸಂಸ್ಥೆಯ ಪಟ್ಟಿಯಲ್ಲಿ ಎಣ್ಣೆ ಹತ್ತಿದ ಹತ್ತಿಯ ತ್ಯಾಜ್ಯಕ್ಕೆ 1364, ಒದ್ದೆಯಾದ ಜವಳಿ ತ್ಯಾಜ್ಯಕ್ಕೆ 1857 ಎಂಬ ಸಂಖ್ಯೆಗಳಿದ್ದು, ಎರಡೂ ತಾವಾಗಿ ಹೊತ್ತಿಕೊಳ್ಳಬಲ್ಲ ವಸ್ತುಗಳ 4.2ನೆಯ ವರ್ಗಕ್ಕೆ ಸೇರಿವೆ. ಇಲ್ಲಿ ನೋಡುವುದು ಸರಕಿನ ಸ್ಥಿತಿಯನ್ನು. ಸುಂಕದವನ ಕಣ್ಣಿಗೆ ಒಂದೇ ಆಗಿರುವ ಹತ್ತಿ, ಎಣ್ಣೆ ಸೋಂಕಿದೊಡನೆ ಹಡಗಿನವನಿಗೆ ಬೇರೆಯೇ ಸರಕಾಗುತ್ತದೆ.

ಕಿಡಿಯಿಲ್ಲದೆ ಬೆಂಕಿ ಹುಟ್ಟುವುದು ಹೇಗೆ? ಅಗಸೆಯೆಣ್ಣೆಯಂತಹ ತೈಲಗಳು ಆಮ್ಲಜನಕದೊಡನೆ ಸಂಯೋಗಗೊಳ್ಳುವಾಗ ಉಷ್ಣವನ್ನು ಹೊರಗೆಡಹುತ್ತವೆ. ಎಣ್ಣೆ ನಾರುಗಳ ಮೇಲೆ ತೆಳುವಾಗಿ ಹರಡಿದಾಗ ಗಾಳಿಯ ಸಂಪರ್ಕ ಅಪಾರವಾಗಿ ಹೆಚ್ಚುತ್ತದೆ. ಒದ್ದೆಯಾದ ನಾರಿನಲ್ಲಿ ಸೂಕ್ಷ್ಮಜೀವಿಗಳ ಕ್ರಿಯೆಯಿಂದಲೂ ಕಾವು ಏರುತ್ತದೆ. ರಾಶಿಯ ಅಳತೆ ಇಮ್ಮಡಿಯಾದರೆ ಉಷ್ಣವು ಹುಟ್ಟುವ ಗಾತ್ರ ಎಂಟು ಮಡಿಯಾಗುತ್ತದೆ. ಅದು ಹೊರಬೀಳಬೇಕಾದ ಮೇಲ್ಮೈಯಾದರೋ ನಾಲ್ಕೇ ಮಡಿ. ಆದಕಾರಣ ಕೈಹಿಡಿಯಷ್ಟು ಚಿಂದಿ ನಿರಪಾಯಕರವಾಗಿ ತೋರಿದರೂ ಅದರದೇ ದೊಡ್ಡ ಬೇಲು ಒಳಗಿನಿಂದ ಉರಿಯಬಲ್ಲುದು.

ಸಂದೇಹವಿದ್ದಲ್ಲಿ ಪರೀಕ್ಷೆಯುಂಟು. ಹತ್ತು ಸೆಂಟಿಮೀಟರ್ ಅಳತೆಯ ಘನಾಕಾರದ ತಂತಿಬಲೆಯ ಪಾತ್ರೆಯಲ್ಲಿ ಮಾದರಿಯನ್ನು ತುಂಬಿ 140 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ 24 ಗಂಟೆ ಇಡುತ್ತಾರೆ. ಆ ಅವಧಿಯಲ್ಲಿ ಅದರ ಉಷ್ಣತೆ 200 ಡಿಗ್ರಿಯನ್ನು ಮೀರಿದರೆ ವಸ್ತು ಸ್ವಯಂತಾಪಕವೆಂದು ನಿರ್ಣಯ.

ಇದರಿಂದ ಕಟ್ಟುವ ಕ್ರಮವೂ ಸ್ಪಷ್ಟವಾಗುತ್ತದೆ. ಎಣ್ಣೆಯದನ್ನೂ ಒದ್ದೆಯಾದುದನ್ನೂ ಬೇಲು ಒತ್ತುವ ಮೊದಲೇ ಬೇರ್ಪಡಿಸಬೇಕು. ಒಣ ಹತ್ತಿಯನ್ನು ಘನ ಮೀಟರಿಗೆ 360 ಕಿಲೋಗ್ರಾಮಿಗೆ ಕಡಿಮೆಯಿಲ್ಲದಂತೆ ಒತ್ತಿ ಮುಚ್ಚಿದ ಕಂಟೇನರಿನಲ್ಲಿ ಸಾಗಿಸಿದರೆ, ಅಪಾಯಕರ ಸರಕುಗಳ ಸಾಗರ ಸಂಹಿತೆ ಅದಕ್ಕೆ ವಿನಾಯಿತಿ ಕೊಡುತ್ತದೆ. ಎಣ್ಣೆ ಹತ್ತಿದ ತ್ಯಾಜ್ಯಕ್ಕೆ ಈ ವಿನಾಯಿತಿಯಿಲ್ಲ.

1944ರ ಏಪ್ರಿಲ್ 14ರಂದು ಮುಂಬಯಿಯ ವಿಕ್ಟೋರಿಯಾ ಡಾಕಿನಲ್ಲಿ 'ಫೋರ್ಟ್ ಸ್ಟಿಕೀನ್' ಹಡಗಿಗೆ ಬೆಂಕಿ ಹತ್ತಿದಾಗ, ಹತ್ತಿಯ ಬೇಲುಗಳೂ ಸ್ಫೋಟಕಗಳೂ ಒಂದೇ ಕೋಠಿಯಲ್ಲಿದ್ದವು. ನೂರಾರು ಜನ ಮಡಿದರು. ಅಲ್ಲಿದ್ದುದು ತ್ಯಾಜ್ಯವಲ್ಲ, ಹತ್ತಿಯೇ. ಆದರೂ ನಾರಿನ ಸರಕನ್ನು ಯಾವುದರ ಬಳಿ ಇಡಬೇಕೆಂಬುದು ಎಷ್ಟು ಗಂಭೀರ ವಿಚಾರವೆಂಬುದಕ್ಕೆ ಅದು ನಿದರ್ಶನ. ಸಾಗರ ಸಂಹಿತೆ 2004ರಿಂದ ಕಡ್ಡಾಯವಾಗಿದೆ. ಆದರೆ ಕಟ್ಟಿದ ಬೇಲಿನ ಒಡಲನ್ನು ನಾವಿಕನು ಕಾಣಲಾರ. ಕಳುಹಿಸುವವನು ಬರೆದುಕೊಟ್ಟ ಘೋಷಣೆಯೊಂದೇ ಅವನಿಗೆ ಆಧಾರ. ಅದು ಸತ್ಯವಾಗಿರುವಷ್ಟೇ ಅವನ ಪ್ರಯಾಣವೂ ಸುರಕ್ಷಿತ.