ಬೀಗದೊಳಗಿನ ಮದ್ದು

ಗಸಗಸೆ ಪಾಯಸವನ್ನು ಸವಿಯದ ಕನ್ನಡಿಗರು ವಿರಳ. ಆ ಬೀಜಗಳನ್ನು ಒಡಲಲ್ಲಿ ತುಂಬಿಕೊಂಡಿರುವ ಕಾಯಿ ಇನ್ನೂ ಹಸಿರಾಗಿರುವಾಗ ಅದರ ಸಿಪ್ಪೆಯ ಮೇಲೆ ಗೀರು ಹಾಕಿದರೆ ಹಾಲಿನಂತಹ ರಸ ಒಸರುತ್ತದೆ. ಗಾಳಿ ತಾಗಿದಂತೆ ಅದು ಕಂದು ಬಣ್ಣಕ್ಕೆ ತಿರುಗಿ ಗಟ್ಟಿಯಾಗುತ್ತದೆ. ಇದೇ ಅಫೀಮು. ಬೀಜ ನಿರುಪದ್ರವಿ, ರಸವಾದರೋ ಮನುಷ್ಯನನ್ನು ಅಮಲಿಗೆ ತಳ್ಳಬಲ್ಲದು, ಅವನ ಘೋರವಾದ ನೋವನ್ನೂ ಅಡಗಿಸಬಲ್ಲದು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ಸೆರ್ಟ್ಯೂರ್ನರ್ ಎಂಬ ಔಷಧ ತಯಾರಕನು ಅಫೀಮಿನಿಂದ ಅದರ ಸಾರವನ್ನು ಬೇರ್ಪಡಿಸಿದನು. ಗ್ರೀಕರ ಸ್ವಪ್ನದೇವತೆಯಾದ ಮಾರ್ಫಿಯಸನ ಹೆಸರಿನಿಂದ ಅದಕ್ಕೆ ಮಾರ್ಫಿನ್ ಎಂಬ ಹೆಸರು ಬಂದಿತು.

ಮಧ್ಯಪ್ರದೇಶ, ರಾಜಸ್ಥಾನ ಮತ್ತು ಉತ್ತರ ಪ್ರದೇಶದ ರೈತರು ಸರ್ಕಾರದ ಪರವಾನಗಿ ಪಡೆದು ಈ ಗಿಡವನ್ನು ಬೆಳೆಯುತ್ತಾರೆ. ನೀಮಚ್ ಮತ್ತು ಗಾಜಿಪುರಗಳಲ್ಲಿ ಅಫೀಮನ್ನು ಸಂಸ್ಕರಿಸುವ ಸರ್ಕಾರಿ ಕಾರ್ಖಾನೆಗಳಿವೆ. ಭಾರತದ ಅಫೀಮು ಹಲವು ದಶಕಗಳ ಕಾಲ ಹೊರದೇಶಗಳಿಗೆ ಹೋಗಿ ಅಲ್ಲಿನ ರೋಗಿಗಳ ನೋವನ್ನು ಶಮನ ಮಾಡಿದೆ. ಆದರೆ ಅದನ್ನು ಬೆಳೆದ ನಾಡಿನಲ್ಲಿಯೇ ಅಸಂಖ್ಯಾತ ಕ್ಯಾನ್ಸರ್ ರೋಗಿಗಳು ಒಂದು ಗುಳಿಗೆಯೂ ದೊರೆಯದೆ ನರಳಿ ಸತ್ತರು.

ಕ್ಯಾನ್ಸರಿನ ಗಡ್ಡೆ ಬೆಳೆದು ನರಗಳನ್ನು ಅದುಮಿದಾಗ, ಎಲುಬನ್ನು ಹೊಕ್ಕಾಗ ಉಂಟಾಗುವ ನೋವು ಸಾಮಾನ್ಯವಾದುದಲ್ಲ. ರೋಗಿ ನಿದ್ರಿಸಲಾರ, ಉಣ್ಣಲಾರ, ತನ್ನ ಮಕ್ಕಳೊಡನೆ ನಾಲ್ಕು ಮಾತನ್ನೂ ಆಡಲಾರ. ನೋವಿನ ಸಂದೇಶ ನರಗಳ ಮೂಲಕ ಬೆನ್ನುಹುರಿಗೂ ಮಿದುಳಿಗೂ ಸಾಗುವ ದಾರಿಯಲ್ಲಿ ಮಾರ್ಫಿನ್ ಆ ಸಂದೇಶವನ್ನು ತಗ್ಗಿಸುತ್ತದೆ. ಇದಕ್ಕೆ ಚುಚ್ಚುಮದ್ದೇ ಆಗಬೇಕೆಂದಿಲ್ಲ. ಬಾಯಲ್ಲಿ ನುಂಗುವ ಗುಳಿಗೆ ಸಾಕು. ಅದರ ಪ್ರಭಾವ ಸುಮಾರು ನಾಲ್ಕು ಗಂಟೆಗಳ ಕಾಲ ಉಳಿಯುವುದರಿಂದ, ನೋವು ಮರಳಿ ಬರುವವರೆಗೆ ಕಾಯದೆ ಗಡಿಯಾರ ನೋಡಿ ಕೊಡಬೇಕು. ವಿಶ್ವ ಆರೋಗ್ಯ ಸಂಸ್ಥೆಯು 1986ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯೂ ಇದನ್ನೇ ಹೇಳಿತು. ತಿಳಿದ ವೈದ್ಯರು ರೋಗಿಯ ನೋವನ್ನು ಅಳೆದು ಅದಕ್ಕೆ ತಕ್ಕಷ್ಟೇ ಕೊಟ್ಟಾಗ ರೋಗಿ ವ್ಯಸನಿಯಾಗುವ ಭಯ ಅತ್ಯಲ್ಪ.

ಹಾಗಿದ್ದರೆ ಮದ್ದಿಗೆ ಬೀಗ ಬಿದ್ದುದೇಕೆ? ಮಾದಕ ವಸ್ತುಗಳ ಕಳ್ಳವ್ಯಾಪಾರವನ್ನು ತಡೆಯಲು ಸಂಸತ್ತು 1985ರಲ್ಲಿ ಒಂದು ಕಠಿಣ ಕಾಯಿದೆಯನ್ನು ಮಾಡಿತು. ಅನೇಕ ಅಪರಾಧಗಳಿಗೆ ಕನಿಷ್ಠ ಹತ್ತು ವರ್ಷಗಳ ಕಠಿಣ ಸೆರೆವಾಸವನ್ನು ಅದು ವಿಧಿಸಿತು. ಅದರ ಉದ್ದೇಶವನ್ನು ತಪ್ಪೆನ್ನಲಾಗದು. ಆದರೆ ಕಳ್ಳನಿಗಾಗಿ ಹಾಕಿದ ಬೇಲಿ ರೋಗಿಗೂ ಅಡ್ಡವಾಯಿತು. ಮಾರ್ಫಿನ್ ತರಿಸಿಕೊಳ್ಳಲು, ಸಾಗಿಸಲು, ಇಟ್ಟುಕೊಳ್ಳಲು ಆಸ್ಪತ್ರೆಯೊಂದು ಬೇರೆ ಬೇರೆ ಇಲಾಖೆಗಳಿಂದ ನಾಲ್ಕೈದು ಪರವಾನಗಿಗಳನ್ನು ಪಡೆಯಬೇಕಾಗುತ್ತಿತ್ತು. ಕೊನೆಯ ಪತ್ರ ಕೈಸೇರುವಷ್ಟರಲ್ಲಿ ಮೊದಲನೆಯ ಪತ್ರದ ಅವಧಿ ಮುಗಿದಿರುತ್ತಿದ್ದುದೂ ಉಂಟು. ಔಷಧದ ಅಂಗಡಿಗಳು ಈ ತೊಡಕೇ ಬೇಡವೆಂದು ಕೈಬಿಟ್ಟವು, ಆಸ್ಪತ್ರೆಗಳು ಹಿಂಜರಿದವು. ದೇಶದಲ್ಲಿ ಮಾರ್ಫಿನ್ನಿನ ಬಳಕೆ ಶೇಕಡ 97ರಷ್ಟು ಕುಸಿದು 1997ರಲ್ಲಿ ಕೇವಲ 18 ಕಿಲೋಗ್ರಾಂಗೆ ಇಳಿಯಿತು. ಇಷ್ಟು ದೊಡ್ಡ ದೇಶಕ್ಕೆ ಇಷ್ಟೇ! ಒಂದು ತಲೆಮಾರಿನ ವೈದ್ಯ ವಿದ್ಯಾರ್ಥಿಗಳು ಆ ಗುಳಿಗೆಯನ್ನು ಕಣ್ಣಿನಿಂದಲೂ ಕಾಣದೆ ಪದವಿ ಪಡೆದು ಹೊರಬಂದರು.

ಕೋಳಿಕ್ಕೋಡಿನ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ ಡಾ. ಎಂ. ಆರ್. ರಾಜಗೋಪಾಲ್ ಅವರು ಅರಿವಳಿಕೆ ಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ನೋವು ತಿಳಿಯದಂತೆ ಮಾಡುವುದು ಅವರ ವೃತ್ತಿ. ಒಮ್ಮೆ ಕ್ಯಾನ್ಸರ್ ಪೀಡಿತರಾದ ಕಾಲೇಜು ಅಧ್ಯಾಪಕರೊಬ್ಬರನ್ನು ಅವರ ಬಳಿಗೆ ಕಳುಹಿಸಲಾಯಿತು. ರಾಜಗೋಪಾಲ್ ಚುಚ್ಚುಮದ್ದಿನಿಂದ ನರವನ್ನು ಮರಗಟ್ಟಿಸಿ ನೋವನ್ನು ನೀಗಿದರು. ರೋಗವೂ ವಾಸಿಯಾಗುವುದೇ ಎಂಬ ಪ್ರಶ್ನೆಗೆ, ಇಲ್ಲವೆಂಬ ನಿಜವನ್ನು ಹೇಳಿದರು. ಆ ರೋಗಿ ಮನೆಗೆ ಹಿಂದಿರುಗಿ ತಮ್ಮ ಬದುಕನ್ನು ತಾವೇ ಕೊನೆಗೊಳಿಸಿಕೊಂಡರು. ತಾವು ಒಂದು ನರಕ್ಕೆ ಚಿಕಿತ್ಸೆ ಮಾಡಿದೆವೇ ಹೊರತು ಮನುಷ್ಯನಿಗೆ ಮಾಡಲಿಲ್ಲವೆಂಬ ಅರಿವು ಆ ವೈದ್ಯರನ್ನು ಬಹುಕಾಲ ಕಾಡಿತು. ಗುಣವಾಗದ ರೋಗಿಯ ನೋವು, ಭಯ, ಒಂಟಿತನಗಳನ್ನು ಒಟ್ಟಾಗಿ ನೋಡಿಕೊಳ್ಳುವ ಉಪಶಾಮಕ ಆರೈಕೆಯ ಕಡೆಗೆ ಅವರ ಗಮನ ಹರಿಯಿತು. ಇಂತಹ ರೋಗಿಗಳಿಗಾಗಿಯೇ ದೇಶದಲ್ಲಿ ಮೊದಲ ಆಶ್ರಮವನ್ನು 1986ರಲ್ಲಿ ಮುಂಬಯಿಯಲ್ಲಿ ಆರಂಭಿಸಿದವರೂ ಹಿರಿಯ ಶಸ್ತ್ರವೈದ್ಯರೊಬ್ಬರೇ, ಡಾ. ಎಲ್. ಜೆ. ಡಿಸೋಜ.

ಡಾ. ಸುರೇಶ್ ಕುಮಾರ್ ಮೊದಲಾದ ಗೆಳೆಯರೊಡನೆ ರಾಜಗೋಪಾಲ್ ಅವರು 1993ರಲ್ಲಿ ಕೋಳಿಕ್ಕೋಡಿನಲ್ಲಿ ಒಂದು ಸೇವಾಸಂಸ್ಥೆಯನ್ನು ಕಟ್ಟಿದರು. ವೈದ್ಯಕೀಯ ಕಾಲೇಜಿನ ಆವರಣದಲ್ಲಿಯೇ ಅದರ ಚಿಕಿತ್ಸಾಲಯ ನಡೆಯಿತು. ದೂರದ ಊರುಗಳಿಂದಲೂ ರೋಗಿಗಳು ಬಂದರು. ಬರಲಾರದವರ ಮನೆಗೆ ಕಾರ್ಯಕರ್ತರೇ ಹೋದರು. ನೆರೆಹೊರೆಯ ಸಾಮಾನ್ಯ ಜನರು ಸ್ವಯಂಸೇವಕರಾಗಿ ತರಬೇತಿ ಪಡೆದರು. ಈ ಕೆಲಸ ಮಲಪ್ಪುರಂ ಮೊದಲಾದ ಜಿಲ್ಲೆಗಳಿಗೂ ಹಬ್ಬಿತು. ಕೇರಳ ಸರ್ಕಾರವು 2008ರಲ್ಲಿ ಉಪಶಾಮಕ ಆರೈಕೆಗೆ ಒಂದು ನೀತಿಯನ್ನೇ ಘೋಷಿಸಿ, ಪಂಚಾಯಿತಿಗಳಿಗೂ ಅದರಲ್ಲಿ ಹೊಣೆ ವಹಿಸಿತು.

ಆದರೆ ಬೀಗ ಇದ್ದದ್ದು ಕೋಳಿಕ್ಕೋಡಿನಲ್ಲಲ್ಲ, ಕಾಯಿದೆಯ ಪುಸ್ತಕದಲ್ಲಿ. ಅದನ್ನು ತೆರೆಯಲು ಆಸ್ಪತ್ರೆಯ ಹೊರಗೆ ದುಡಿಯಬೇಕಾಗಿತ್ತು. ಹಿರಿಯ ವೈದ್ಯರು ಕಡತ ಹಿಡಿದು ಕಚೇರಿಗಳ ಮೆಟ್ಟಿಲು ಹತ್ತುವುದು ಆಗ ರೂಢಿಯಲ್ಲಿರಲಿಲ್ಲ. ಹೊಸಬರ ಮಾತನ್ನು ಅಧಿಕಾರಿಗಳು ಸುಲಭವಾಗಿ ತಳ್ಳಿಹಾಕಬಹುದು. ದೀರ್ಘಕಾಲ ರೋಗಿಗಳ ನಡುವೆ ದುಡಿದ ಪ್ರಾಧ್ಯಾಪಕರು ಲೆಕ್ಕಪತ್ರಸಮೇತ ಎದುರಿಗೆ ಬಂದು ಕುಳಿತರೆ ಕೇಳದೆ ಇರುವುದು ಕಷ್ಟ. ಚಿಕಿತ್ಸಾಲಯಗಳು ಕೊಟ್ಟ ಗುಳಿಗೆಗಳ ಲೆಕ್ಕವನ್ನು ಕಟ್ಟುನಿಟ್ಟಾಗಿ ಇಟ್ಟು, ಅವು ಕಳ್ಳಸಂತೆಗೆ ಹರಿದಿಲ್ಲವೆಂಬುದನ್ನು ಇವರು ತೋರಿಸಿಕೊಟ್ಟರು. ನಿಯಮಗಳನ್ನು ಸರಳಗೊಳಿಸುವಂತೆ ಕೇಂದ್ರ ಸರ್ಕಾರವು 1998ರಲ್ಲಿ ರಾಜ್ಯಗಳಿಗೆ ಸೂಚಿಸಿತು. ಕೇರಳ ಮೊದಲಾದ ಕೆಲವು ರಾಜ್ಯಗಳು ಒಪ್ಪಿದವು. ಹಲವು ರಾಜ್ಯಗಳಲ್ಲಿ ಕಡತ ಅಲುಗಲಿಲ್ಲ. ನಿಯಮ ಬದಲಾದ ಕಡೆಗಳಲ್ಲಿಯೂ ಅದನ್ನು ಬಳಸಲು ತಿಳಿದವರು ಕಡಿಮೆಯಿದ್ದರು.

ರಾಜಗೋಪಾಲ್ ಅವರು 2003ರಲ್ಲಿ ತಿರುವನಂತಪುರದಲ್ಲಿ ‘ಪಾಲಿಯಂ ಇಂಡಿಯಾ’ ಎಂಬ ಸಂಸ್ಥೆಯನ್ನು ಸ್ಥಾಪಿಸಿ, ಈ ಸೇವೆ ಇಲ್ಲದ ರಾಜ್ಯಗಳ ಕಡೆಗೆ ಗಮನ ಹರಿಸಿದರು. ಭಾರತೀಯ ಉಪಶಾಮಕ ಆರೈಕೆ ಸಂಘವು 2007ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೊರೆ ಹೊಕ್ಕಿತು. ಕೊನೆಗೆ 2014ರ ಫೆಬ್ರವರಿಯಲ್ಲಿ ಸಂಸತ್ತು ಕಾಯಿದೆಯನ್ನು ತಿದ್ದಿತು. ಮಾರ್ಫಿನ್ ಮೊದಲಾದವು ‘ಅತ್ಯವಶ್ಯಕ ಮಾದಕ ಔಷಧ’ಗಳೆಂಬ ಹೊಸ ವರ್ಗಕ್ಕೆ ಸೇರಿದವು, ಇಡೀ ದೇಶಕ್ಕೆ ಒಂದೇ ಬಗೆಯ ನಿಯಮ ಬಂದಿತು. ಹಲವು ಇಲಾಖೆಗಳನ್ನು ಸುತ್ತುವ ಬದಲು ಆಸ್ಪತ್ರೆಗಳು ರಾಜ್ಯದ ಔಷಧ ನಿಯಂತ್ರಕರೊಬ್ಬರಿಂದಲೇ ಮಾನ್ಯತೆ ಪಡೆಯಬಹುದಾಯಿತು. ಸೆರೆವಾಸದ ಕಾಯಿದೆ ರದ್ದಾಗಲಿಲ್ಲ, ರದ್ದಾಗಬೇಕೆಂದು ಈ ವೈದ್ಯರು ಕೇಳಿಯೂ ಇರಲಿಲ್ಲ.

ಬೀಗ ತೆರೆದ ಮಾತ್ರಕ್ಕೆ ಮದ್ದು ತಾನಾಗಿ ರೋಗಿಯ ಮನೆಗೆ ನಡೆದು ಬರುವುದಿಲ್ಲ. ಅದನ್ನು ಬರೆದುಕೊಡುವ ವೈದ್ಯರಿಗೆ ಅದರ ಪ್ರಮಾಣ ತಿಳಿದಿರಬೇಕು, ಕೈ ನಡುಗಬಾರದು. ವೈದ್ಯಕೀಯ ಪದವಿಯ ಪಠ್ಯಕ್ರಮದಲ್ಲಿ ನೋವಿನ ಚಿಕಿತ್ಸೆಗೂ ಉಪಶಾಮಕ ಆರೈಕೆಗೂ 2019ರಲ್ಲಿ ಸ್ಥಾನ ದೊರೆಯಿತು. ಕೋಳಿಕ್ಕೋಡಿನ ಚಿಕಿತ್ಸಾಲಯ ಬಾಗಿಲು ತೆರೆದು ಆಗ ಇಪ್ಪತ್ತಾರು ವರ್ಷಗಳಾಗಿದ್ದವು.