ಒಲೆಯಿಲ್ಲದೆ ಮುರುಗಲ ಶರಬತ್ತು

ವೈಶಾಖದ ಬಿಸಿಲಿಗೆ ಮಲೆನಾಡು, ಕರಾವಳಿಗಳಲ್ಲಿ ಮುರುಗಲು ಹಣ್ಣಾಗುತ್ತದೆ. ಪುನರ್ಪುಳಿ, ಕೋಕಂ ಎಂಬವೂ ಇದರ ಹೆಸರುಗಳೇ. ಆಯುರ್ವೇದದಲ್ಲಿ ಇದು ವೃಕ್ಷಾಮ್ಲ. ಚರಕಸಂಹಿತೆಯು ಹೃದ್ಯವೆಂದು ಹೇಳಿರುವ ಹತ್ತು ದ್ರವ್ಯಗಳಲ್ಲೊಂದು.

ಚೆನ್ನಾಗಿ ಕಳಿತ ಹಣ್ಣುಗಳನ್ನು ತೊಳೆದು, ನೀರಿನ ಪಸೆ ಉಳಿಯದಂತೆ ಒರೆಸಿ, ಹೋಳು ಮಾಡಿ ಬೀಜ ತೆಗೆಯಬೇಕು. 1 ಕಿಲೋ ಸಿಪ್ಪೆಗೆ 2 ಕಿಲೋ ಸಕ್ಕರೆ ಬೇಕು. ಒಣಗಿದ ಗಾಜಿನ ಭರಣಿಯಲ್ಲಿ ಒಂದು ಪದರ ಸಿಪ್ಪೆ, ಒಂದು ಪದರ ಸಕ್ಕರೆಯಂತೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ಒಂದು ವಾರ ಬಿಸಿಲಿಗಿಡಬೇಕು. ದಿನಕ್ಕೊಮ್ಮೆ ಒಣ ಸೌಟಿನಿಂದ ಕಲಕಬೇಕು. ಸಕ್ಕರೆಯೇ ರಸವನ್ನು ಸೆಳೆದು ಅದರಲ್ಲಿ ಕರಗುತ್ತದೆ. ಬಳಿಕ ಸೋಸಿ ಬಾಟಲಿಯಲ್ಲಿ ತುಂಬಿಡಿ. ಕುಡಿಯುವಾಗ ಒಂದು ಪಾಲಿಗೆ ಐದಾರು ಪಾಲು ನೀರು, ಹುರಿದ ಜೀರಿಗೆಯ ಪುಡಿ ಸೇರಿಸಿರಿ.

ಸಕ್ಕರೆಯನ್ನು ಕಡಿಮೆ ಮಾಡಬಹುದೇ ಎಂದು ಹಲವರು ಕೇಳುತ್ತಾರೆ. ಮಾಡಬಾರದು. ಕುದಿಸದ ರಸವನ್ನು ಕೆಡದಂತೆ ಕಾಪಾಡುವುದು ಆ ಸಕ್ಕರೆಯೇ. ಅದು ಕಡಿಮೆಯಾದರೆ ರಸ ಹುದುಗಿ ನೊರೆಯೇಳುತ್ತದೆ. ನೊರೆ ಬಂದುದನ್ನು ಚೆಲ್ಲಿಬಿಡಬೇಕು.

ಆದ್ದರಿಂದಲೇ, ಮನೆಯಲ್ಲಿ ಮಾಡಿದ್ದೆಂಬ ಧೈರ್ಯದಿಂದ ಮಧುಮೇಹಿಗಳು ಇದನ್ನು ಕುಡಿಯಲಾಗದು. ಅವರಿಗೆ ಒಣಗಿಸಿದ ಸಿಪ್ಪೆಯನ್ನು ನೀರಿನಲ್ಲಿ ನೆನೆಸಿ, ಹಿಂಡಿ, ಜೀರಿಗೆ ಬೆರೆಸಿ ಕೊಡಿರಿ. ಮನೆಗೆ ಬಂದವರ ಕೈಗೆ ಲೋಟ ನೀಡುವ ಮುನ್ನ ಅವರ ಆರೋಗ್ಯವನ್ನು ವಿಚಾರಿಸುವುದೂ ಅತಿಥಿಸತ್ಕಾರವೇ.